ಕಾರಿನ ಅಪ್‌ರೈಟ್ ನಾವೇ ಮಾಡಿಕೊಳ್ಳಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಮತ್ತು ನನ್ನ ತಮ್ಮ ಎರಡು ವರ್ಷದಿಂದ ಶೆಡ್‌ನಲ್ಲಿ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಕಟ್ಟುತ್ತಿದ್ದೇವೆ. ಚೌಕ ಪೈಪಿನ ಚಾಸಿ ಮುಗಿದಿದೆ. ಮುಂದಕ್ಕೆ ಹಳೇ ಮಾರುತಿ 800ರ ನಕಲ್ (ಚಕ್ರ ಕೂರುವ ಹಬ್ಬನ್ನು ಹಿಡಿದಿರುವ ಲೋಹದ ತುಂಡು) ತಂದಿಟ್ಟಿದ್ದೆವು. ಆದರೆ ನಮ್ಮದು ಡಬಲ್ ವಿಶ್‌ಬೋನ್, ಅಂದರೆ ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿಯುವ ಸಸ್ಪೆನ್ಷನ್. ಆ ನಕಲ್‌ನಲ್ಲಿ ಮೇಲಿನ ಬಾಲ್ ಜಾಯಿಂಟ್‌ಗೆ (ತೋಳಿನ ತುದಿಯ ಗುಂಡು ಕೀಲು) ಜಾಗವೇ ಇಲ್ಲ. ಅದರ ಬದಲು ಅದೇ ಕೆಲಸ ಮಾಡುವ ಅಪ್‌ರೈಟ್ ನಾವೇ ಮಾಡೋಣ ಅಂತಿದ್ದೇವೆ. ಅಲ್ಯೂಮಿನಿಯಂ ಹಗುರ ಅಲ್ವಾ? ಇಲ್ಲ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್ ಸಾಕಾ?
— ಓದುಗರು, ತುಮಕೂರು

ಉತ್ತರ: ಮಾಡಬಹುದು. ಎಂಎಸ್‌ನಲ್ಲೇ ಮಾಡಿ. ಆದರೆ ಬೇರಿಂಗ್ ಕೂರುವ ಬೋರನ್ನು (ದುಂಡು ತೂತು) ವೆಲ್ಡಿಂಗ್ ಎಲ್ಲಾ ಮುಗಿದ ಮೇಲೆ, ಕೊನೆಗೆ ಮಾಡಿಸಿ.

ನಾನು ಪೀಣ್ಯದ ಟೂಲ್ ರೂಮುಗಳಲ್ಲಿ 30 ವರ್ಷ ಜಿಗ್, ಫಿಕ್ಸ್ಚರ್ (ಕೆಲಸದ ತುಂಡನ್ನು ಸರಿಯಾದ ಜಾಗದಲ್ಲಿ ಹಿಡಿಯುವ ಸಾಧನ) ಮಾಡಿದವನು. ಹಾಗಿದ್ದೂ ನನ್ನ ಮೊದಲ ಅಪ್‌ರೈಟ್‌ನಲ್ಲಿ ಈ ಕ್ರಮ ತಪ್ಪಿಸಿದೆ. ಲೇತ್‌ನಲ್ಲಿ ಹೌಸಿಂಗ್ (ಬೇರಿಂಗ್ ಒಳಗೆ ಕೂರುವ ದಪ್ಪ ಬಳೆ) ಅಚ್ಚುಕಟ್ಟಾಗಿ ಬೋರ್ ಮಾಡಿ, ಆಮೇಲೆ ಸುತ್ತ ಪ್ಲೇಟ್ ವೆಲ್ಡ್ ಮಾಡಿದೆ. ವೆಲ್ಡಿಂಗ್ ಆರುವಾಗ ಲೋಹ ಎಳೆದುಕೊಳ್ಳುತ್ತದೆ. ದುಂಡಗಿದ್ದ ಬೋರ್ ಮೊಟ್ಟೆಯ ಹಾಗಾಗಿತ್ತು. ಕಣ್ಣಿಗೆ ಏನೂ ಕಾಣಲಿಲ್ಲ. ಪ್ರೆಸ್‌ನಲ್ಲಿ ಬೇರಿಂಗ್ ಒತ್ತಿ ಕೂರಿಸಿದಾಗ ಚಕ್ರ ಬಿಗಿಯಾಗಿ ತಿರುಗುತ್ತಿತ್ತು. ಓಡಿಸಿದರೆ ಸರಿಹೋಗುತ್ತೆ ಅಂದುಕೊಂಡೆ. ಎರಡನೇ ದಿನ ಹಬ್ ಮುಟ್ಟೋಕಾಗದಷ್ಟು ಸುಡುತ್ತಿತ್ತು. ಬಿಚ್ಚಿ ನೋಡಿದರೆ ಬಾಲ್‌ಗಳು ನೀಲಿ ತಿರುಗಿದ್ದವು. ಅಳೆದಾಗ ಬೋರ್‌ನಲ್ಲಿ 0.12 ಮಿ.ಮೀ. ವ್ಯತ್ಯಾಸ ಸಿಕ್ಕಿತು. ಅಲ್ಲಿ 0.02 ಕೂಡ ಜಾಸ್ತಿಯೇ.

ಮೊದಲು ಅಲ್ಯೂಮಿನಿಯಂ ವಿಚಾರ. 7075 ದರ್ಜೆಯದು ಗಟ್ಟಿ ನಿಜ, ಆದರೆ ಅದನ್ನು ಈ ಕೆಲಸಕ್ಕೆ ವೆಲ್ಡ್ ಮಾಡುವಂತಿಲ್ಲ. 6061 ದರ್ಜೆಯದು ವೆಲ್ಡ್ ಆಗುತ್ತದೆ. ಆದರೆ ವೆಲ್ಡ್ ಪಕ್ಕದ ಲೋಹ ತನ್ನ ಗಟ್ಟಿತನದಲ್ಲಿ ಅರ್ಧದಷ್ಟು ಕಳೆದುಕೊಳ್ಳುತ್ತದೆ. ಅದು ಮರಳಿ ಬರಬೇಕಾದರೆ ಇಡೀ ತುಂಡಿಗೆ ಮತ್ತೆ ಹೀಟ್ ಟ್ರೀಟ್‌ಮೆಂಟ್ ಬೇಕು. ಅಲ್ಯೂಮಿನಿಯಂ ಬೇಕೇ ಬೇಕು ಅಂದರೆ ಇಡೀ ದಿಮ್ಮಿಯಿಂದ ಸಿಎನ್‌ಸಿಯಲ್ಲಿ ಕೆತ್ತಿಸಬೇಕು. ನಿಮ್ಮ ಮೊದಲ ಕಾರಿಗೆ ಆ ಖರ್ಚು ಬೇಡ.

ಈಗ ಲೆಕ್ಕ. ಡ್ರೈವರ್ ಸೇರಿ ಕಾರು 640 ಕೆ.ಜಿ. ಅಂತ ಇಟ್ಟುಕೊಳ್ಳಿ. ಜೋರಾಗಿ ತಿರುಗಿಸಿದಾಗ ಹೊರಬದಿಯ ಮುಂದಿನ ಚಕ್ರದ ಮೇಲೆ 260 ಕೆ.ಜಿ. ಕೂರುತ್ತದೆ. ಒಳ್ಳೇ ಟೈರಾದರೆ ಅದೇ ಚಕ್ರಕ್ಕೆ ನೆಲ ಅಡ್ಡಕ್ಕೆ 285 ಕೆ.ಜಿ. ಬಲದಲ್ಲಿ ತಳ್ಳುತ್ತದೆ. ಕೆಳಗಿನ ಬಾಲ್ ಜಾಯಿಂಟ್ ನೆಲದಿಂದ 18 ಸೆಂ.ಮೀ., ಮೇಲಿನದು 40 ಸೆಂ.ಮೀ. ಎತ್ತರದಲ್ಲಿದ್ದರೆ, ಕೆಳಗಿನದರ ಮೇಲೆ ಸುಮಾರು 520 ಕೆ.ಜಿ., ಮೇಲಿನದರ ಮೇಲೆ ಸುಮಾರು 230 ಕೆ.ಜಿ. ಬೀಳುತ್ತದೆ. ಅದೂ ಒಂದಕ್ಕೊಂದು ಎದುರು ದಿಕ್ಕಿಗೆ. ಇದು ಗುಂಡಿಯಿಲ್ಲದ ನೆಲದ ಲೆಕ್ಕ. ಬ್ರೇಕಿನ ಲೆಕ್ಕವನ್ನು ತುಂಬಾ ಜನ ಮರೆಯುತ್ತಾರೆ. ಗಟ್ಟಿ ಬ್ರೇಕ್ ಹಾಕಿದಾಗ ಟೈರು ನೆಲವನ್ನು 220 ಕೆ.ಜಿ. ಬಲದಲ್ಲಿ ಹಿಡಿಯುತ್ತದೆ ಅನ್ನಿ. ಟೈರಿನ ತ್ರಿಜ್ಯ 28 ಸೆಂ.ಮೀ., ಪ್ಯಾಡ್ ಡಿಸ್ಕನ್ನು ಹಿಡಿಯುವುದು ನಡುವಿನಿಂದ ಬರೀ 10 ಸೆಂ.ಮೀ. ದೂರದಲ್ಲಿ. ಹಾಗಾಗಿ ಪ್ಯಾಡ್ ಹಿಡಿದಿರುವ ಕ್ಯಾಲಿಪರನ್ನು ಅಪ್‌ರೈಟ್‌ಗೆ ಕೂರಿಸುವ ಕಿವಿಗಳ ಮೇಲೆ 600 ಕೆ.ಜಿ. ದಾಟುತ್ತದೆ. ಆ ಕಿವಿ 10 ಮಿ.ಮೀ. ಪ್ಲೇಟ್ ಇರಲಿ, ಎರಡೂ ಬದಿ ವೆಲ್ಡ್ ಇರಲಿ.

ಅಪ್‌ರೈಟ್‌ನ ಮೈಗೆ 4 ಮಿ.ಮೀ. ಎಂಎಸ್ ಪ್ಲೇಟನ್ನು ಲೇಸರ್ ಕಟಿಂಗ್ ಮಾಡಿಸಿ ಪೆಟ್ಟಿಗೆಯ ಹಾಗೆ ಮುಚ್ಚಿ. ಒಂದೇ ದಪ್ಪ ಪ್ಲೇಟ್‌ಗಿಂತ ಮುಚ್ಚಿದ ಪೆಟ್ಟಿಗೆ ತಿರುಚುವುದನ್ನು ಚೆನ್ನಾಗಿ ತಡೆಯುತ್ತದೆ, ತೂಕವೂ ಕಡಿಮೆ. ಹೌಸಿಂಗ್‌ಗೆ ಅಂಗಡಿಯವರು ಮೊದಲು ಕೊಡುವುದು ಇಎನ್8 ರೌಂಡ್ ಬಾರ್. ಅದು ಬೇಡ. ಅದರಲ್ಲಿ ಸುಮಾರು 0.4% ಕಾರ್ಬನ್ ಇದೆ. ಸರಿಯಾಗಿ ಬಿಸಿ ಮಾಡದೆ ವೆಲ್ಡ್ ಮಾಡಿದರೆ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಕಡಿಮೆ ಕಾರ್ಬನ್ ಇರುವ ದಪ್ಪ ಸೀಮ್‌ಲೆಸ್ ಪೈಪ್ ತನ್ನಿ. ಒಳಗಡೆ 3 ಮಿ.ಮೀ. ಲೋಹ ಜಾಸ್ತಿ ಬಿಟ್ಟಿರಿ, ಕೊನೇ ಬೋರಿಂಗ್‌ಗೆ ಬೇಕು. ಟಿಗ್ ವೆಲ್ಡಿಂಗ್ ಸಿಕ್ಕರೆ ಒಳ್ಳೆಯದು. ಆರ್ಕ್ ಆದರೆ ಗೇಟು, ಗ್ರಿಲ್‌ಗೆ ಹಾಕುವ 6013 ರಾಡ್ ಬೇಡ. 7018 ರಾಡನ್ನು ಓವನ್‌ನಲ್ಲಿ ಒಣಗಿಸಿ ಬಳಸಿ.

ಫಿಕ್ಸ್ಚರ್ ಇಲ್ಲದೆ ಶುರು ಮಾಡಲೇಬೇಡಿ. 20 ಮಿ.ಮೀ. ಪ್ಲೇಟಿನ ಮೇಲೆ ಎರಡು ಬಾಲ್ ಜಾಯಿಂಟ್, ಒಂದು ಹಬ್, ಒಂದು ಸ್ಟೀರಿಂಗ್ ಆರ್ಮ್ ಜಾಗಕ್ಕೆ ಡಮ್ಮಿ ಬೋಲ್ಟ್ ನಿಲ್ಲಿಸಿ. ಟ್ಯಾಕ್ (ಚುಕ್ಕಿ ವೆಲ್ಡ್) ಹಾಕಿ, ಆಮೇಲೆ ಒಮ್ಮೆ ಈ ಬದಿ ಒಮ್ಮೆ ಆ ಬದಿ ಚಿಕ್ಕ ಚಿಕ್ಕದಾಗಿ ವೆಲ್ಡ್ ಮಾಡುತ್ತಾ ಹೋಗಿ. ಎಡ ಬಲ ಕನ್ನಡಿಯ ಬಿಂಬದ ಹಾಗಿರಬೇಕು. ಎರಡೂ ಎಡಗಡೆಯದೇ ಮಾಡಿಕೊಂಡು ನನ್ನ ಹತ್ತಿರ ಬಂದ ಹುಡುಗರಿದ್ದಾರೆ. ಸ್ಟೀರಿಂಗ್ ಆರ್ಮನ್ನು ವೆಲ್ಡ್ ಮಾಡದೆ ಬೋಲ್ಟ್‌ನಲ್ಲಿ ಕೂರಿಸಿ. ಕಾರು ಕುಳಿತೆದ್ದಾಗ ಚಕ್ರ ತಾನಾಗೇ ತಿರುಗುತ್ತಿದ್ದರೆ ಶಿಮ್ (ತೆಳು ತಗಡು) ಹಾಕಿ ಸರಿಮಾಡಬಹುದು.

ವೆಲ್ಡ್ ಆದ ಮೇಲೆ ಹೀಟ್ ಟ್ರೀಟ್‌ಮೆಂಟ್‌ನವರ ಹತ್ತಿರ ಕೊಡಿ. 600 ಡಿಗ್ರಿ ಆಸುಪಾಸಿನಲ್ಲಿ ಒಂದು ಗಂಟೆ ಇಟ್ಟು, ಕುಲುಮೆಯಲ್ಲೇ ನಿಧಾನವಾಗಿ ಆರಲು ಬಿಡಬೇಕು. ಬೋರಿಂಗ್ ಅದಾದ ಮೇಲೆ.

ಬೋರಿಂಗ್ ಭಯ ಇದ್ದರೆ ಇನ್ನೊಂದು ದಾರಿ ಇದೆ, ನನಗೆ ಅದೇ ಇಷ್ಟ. ಈಗಿನ ಎಷ್ಟೋ ಕಾರುಗಳಲ್ಲಿ ಬೇರಿಂಗ್ ಮತ್ತು ಹಬ್ ಸೇರಿ ಒಂದೇ ಯೂನಿಟ್ ಆಗಿ ಬರುತ್ತದೆ, ನಾಲ್ಕು ಬೋಲ್ಟ್‌ನಲ್ಲಿ ಕೂರುತ್ತದೆ. ಆಗ ಬೇರಿಂಗ್ ಒತ್ತಿ ಕೂರಿಸುವ ಮಾತೇ ಇಲ್ಲ. ಅದು ಕೂರುವ ಮುಖವನ್ನು ಮಿಲ್ಲಿಂಗ್‌ನಲ್ಲಿ ಸಮ ಮಾಡಿಸಿದರೆ ಆಯಿತು. ಅದೂ ವೆಲ್ಡ್ ಆದ ಮೇಲೇ.

ಲೋಟಸ್ ಕಂಪನಿ ಕಟ್ಟಿದ ಲಂಡನ್ನಿನ ಕಾಲಿನ್ ಚಾಪ್‌ಮನ್ 1957ರಲ್ಲಿ ಲೋಟಸ್ ಸೆವೆನ್ ಎಂಬ ಹಗುರ ಸ್ಪೋರ್ಟ್ಸ್ ಕಾರು ತಂದಾಗ ಮುಂದಿನ ಅಪ್‌ರೈಟ್ ತಾವು ಮಾಡಲಿಲ್ಲ. ಅಲ್ಲಿನ ಸಾಧಾರಣ ಫ್ಯಾಮಿಲಿ ಕಾರಿನದನ್ನೇ ತಂದು ಹಾಕಿದರು. ಮೇಲೂ ಕೆಳಗೂ ಜಾಯಿಂಟ್ ಇರುವ ಹಳೇ ಅಪ್‌ರೈಟ್ ನಿಮಗೆ ಗುಜರಿಯಲ್ಲಿ ಸಿಕ್ಕಿದರೆ, ಇಷ್ಟೆಲ್ಲಾ ಬಿಟ್ಟು ಅದನ್ನೇ ಹಾಕಿ ಅನ್ನುತ್ತೇನೆ.

ಪ್ರಶ್ನೆ: ಮೇಲಿನ ಬಾಲ್ ಜಾಯಿಂಟ್ ಬದಲು ರಾಡ್ ಎಂಡ್ (ತ್ರೆಡ್ ಇರುವ ಗುಂಡು ಕೀಲು) ಹಾಕಿದರೆ ಕ್ಯಾಂಬರ್ (ಚಕ್ರದ ಒಳ-ಹೊರ ವಾಲು) ಹೊಂದಿಸೋದು ಸುಲಭ ಅಲ್ವಾ? ಕಾರನ್ನು ರಸ್ತೆಗೆ ತರಬಹುದಾ?
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಹೊಂದಿಸೋದು ಸುಲಭ. ಆದರೆ ರಾಡ್ ಎಂಡ್‌ನ ತ್ರೆಡ್ ಇರುವ ಭಾಗ ಎಳೆತ, ಒತ್ತಡ ತಡೆಯುತ್ತದೆಯೇ ಹೊರತು ಬಾಗುವುದನ್ನಲ್ಲ. ವಿಶ್‌ಬೋನ್ ತುದಿಗೆ ಹಾಕಿದರೆ ಬ್ರೇಕ್ ಹಾಕಿದಾಗೆಲ್ಲ ಅದು ಬಾಗುತ್ತದೆ, ಒಂದು ದಿನ ತ್ರೆಡ್ ಬುಡದಲ್ಲೇ ಮುರಿಯುತ್ತದೆ. ಕ್ಯಾಂಬರ್‌ಗೆ ಮೇಲಿನ ಜಾಯಿಂಟ್ ಬ್ರಾಕೆಟ್ ಹಿಂದೆ ಶಿಮ್ ಇಡಿ.

ರಸ್ತೆಗೆ ಬೇಡ. ಮನೆಯಲ್ಲಿ ಕಟ್ಟಿದ ಕಾರು ನೋಂದಣಿ ಆಗಬೇಕಾದರೆ ಕಂಪನಿ ಕಾರುಗಳ ಹಾಗೆ ಮಾದರಿ ಪರೀಕ್ಷೆ ಪಾಸಾಗಬೇಕು. ಲಾರಿಯಲ್ಲಿ ಹಾಕಿಕೊಂಡು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಟ್ರ್ಯಾಕ್‌ಗೆ ಹೋಗಿ. ಹೋಗುವ ಮುಂಚೆ ಡೈ ಪೆನಿಟ್ರಂಟ್ ಕಿಟ್ ಕೊಳ್ಳಿ, ಮೂರು ಸ್ಪ್ರೇ ಡಬ್ಬಿ ಇರುತ್ತದೆ. ಅಪ್‌ರೈಟನ್ನು ಒಂದರಿಂದ ಒರೆಸಿ, ಕೆಂಪು ಬಣ್ಣ ಹೊಡೆದು ಹತ್ತು ನಿಮಿಷ ಬಿಟ್ಟು, ಒರೆಸಿ ಬಿಳಿ ಹೊಡೆಯಿರಿ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಹೀಗೆ ಪ್ರತಿ ಟ್ರ್ಯಾಕ್ ದಿನದ ಮೊದಲು, ಪ್ರತಿ ವೆಲ್ಡ್‌ಗೂ ಮಾಡಿ. ಗೆರೆ ಕಂಡರೆ ಅದರ ಮೇಲೆ ಮತ್ತೆ ವೆಲ್ಡ್ ಮಾಡಬೇಡಿ, ಆ ಅಪ್‌ರೈಟ್ ಕತ್ತರಿಸಿ ಗುಜರಿಗೆ ಹಾಕಿ.