ಡಾಕ್ ಕೆಟ್ಟಿಲ್ಲ, ಬೆಂಗಳೂರಿಗೆ ಹೋಗಬೇಡಿ

ಕಚೇರಿಯ ವಿಂಡೋಸ್ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಎರಡು ಮಾನಿಟರ್‌ಗಳಲ್ಲಿ ಬೇರೆ ಬೇರೆ ಪರದೆ ಬರುತ್ತದೆ, ಅದೇ ಡಾಕಿಂಗ್ ಸ್ಟೇಷನ್ನಿಗೆ (ಒಂದೇ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಮಾನಿಟರ್ ಮುಂತಾದವನ್ನು ಜೋಡಿಸುವ ಪೆಟ್ಟಿಗೆ, ಚಿಕ್ಕದಾಗಿ ಡಾಕ್) ಸ್ವಂತದ ಮ್ಯಾಕ್‌ಬುಕ್ ಏರ್ ಸಿಕ್ಕಿಸಿದರೆ ಎರಡರಲ್ಲೂ ಒಂದೇ ಚಿತ್ರ. ಡಾಕ್ ಕೆಟ್ಟಿದೆಯೇ, ಹಾಸನದಿಂದ ಬೆಂಗಳೂರಿಗೆ ಒಯ್ದು ಬದಲಾಯಿಸಿಕೊಂಡು ಬರಲೇ ಎಂದು ಕೇಳಿದ್ದೀರಿ. ದಯವಿಟ್ಟು ಹೋಗಬೇಡಿ. ಇದೇ ಕಾರಣಕ್ಕೆ ನಾನು ಚಿಕ್ಕಮಗಳೂರಿನಿಂದ ಹೋಗಿ ಬಂದಿದ್ದೇನೆ.

ನನ್ನದು ಮದುವೆ ಆಲ್ಬಮ್ ವಿನ್ಯಾಸದ ಕೆಲಸ. ಒಂದು ಪರದೆಯಲ್ಲಿ ಫೋಟೊಗಳ ರಾಶಿ, ಇನ್ನೊಂದರಲ್ಲಿ ಆಲ್ಬಮ್ಮಿನ ಪುಟ ಇಲ್ಲದಿದ್ದರೆ ಕೈ ಓಡುವುದಿಲ್ಲ. ಎಂ1 ಚಿಪ್ಪಿನ ಏರ್ ಕೊಂಡಾಗ ಮಾನಿಟರ್ ಸಿಕ್ಕಿಸಲು ಎರಡು ಎಚ್‌ಡಿಎಂಐ ಪೋರ್ಟ್ ಇರುವ ಡಾಕನ್ನೂ ತರಿಸಿದೆ. ಎರಡು ಮಾನಿಟರ್‌ಗಳಲ್ಲೂ ಅದೇ ಮದುಮಗಳು, ಅದೇ ಬಾಸಿಂಗ. ಕೇಬಲ್ ಬದಲಿಸಿದೆ, ಮಾನಿಟರ್ ಅದಲುಬದಲು ಮಾಡಿದೆ, ಏನೂ ಆಗಲಿಲ್ಲ. ಕೊನೆಗೆ ಜಿಟಿಜಿಟಿ ಮಳೆಯಲ್ಲಿ ಡಾಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬೆಳಗಿನ ಬಸ್ಸು ಹತ್ತಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರು ತಮ್ಮ ವಿಂಡೋಸ್ ಲ್ಯಾಪ್‌ಟಾಪ್ ಸಿಕ್ಕಿಸಿ ಮೌಸ್ ಸರಿಸಿದರು. ಬಾಣದ ಗುರುತು ಮೊದಲ ಮಾನಿಟರಿನ ಅಂಚು ದಾಟಿ ಎರಡನೆಯದಕ್ಕೆ ಸಲೀಸಾಗಿ ಹೋಯಿತು. ‘ಸರಿಯಾಗಿಯೇ ಇದೆಯಲ್ಲ’ ಎಂದು ಡಾಕನ್ನು ನನ್ನ ಕೈಗೇ ಕೊಟ್ಟರು.

ಕಾರಣ ಇಷ್ಟು. ಒಂದೇ ಯುಎಸ್‌ಬಿ-ಸಿ ಕೇಬಲ್ಲಿನಲ್ಲಿ ಎರಡು ಮಾನಿಟರ್‌ಗಳ ಚಿತ್ರ ಹೋಗಬೇಕಾದರೆ ಲ್ಯಾಪ್‌ಟಾಪ್ ಎರಡು ಧಾರೆಗಳನ್ನು ಒಟ್ಟಿಗೆ ಹೆಣೆದು ಕಳುಹಿಸಬೇಕು, ಡಾಕ್ ಅದನ್ನು ಬಿಡಿಸಿ ಹಂಚಬೇಕು. ಈ ವಿಧಾನದ ಹೆಸರು ಮಲ್ಟಿ-ಸ್ಟ್ರೀಮ್ ಟ್ರಾನ್ಸ್‌ಪೋರ್ಟ್, ಚಿಕ್ಕದಾಗಿ ಎಂಎಸ್‌ಟಿ. ಮಾನಿಟರಿಗೆ ಚಿತ್ರ ಕಳುಹಿಸುವ ಮಾನದಂಡವಾಗಿ 2010ರಲ್ಲಿ ಬಂದ ಡಿಸ್‌ಪ್ಲೇಪೋರ್ಟ್ 1.2ರಿಂದಲೂ ಇದೆ. ವಿಂಡೋಸ್ ಇದನ್ನು ಬಳಸಿಕೊಳ್ಳುತ್ತದೆ. ಮ್ಯಾಕನ್ನು ನಡೆಸುವ ತಂತ್ರಾಂಶವಾದ ಮ್ಯಾಕ್‌ಓಎಸ್ ಹೀಗೆ ಪರದೆಗಳನ್ನು ವಿಸ್ತರಿಸುವುದಿಲ್ಲ; ಒಂದೇ ಧಾರೆ ಕಳುಹಿಸುತ್ತದೆ. ಡಾಕ್ ಪಾಪ, ಬಂದ ಒಂದನ್ನೇ ಇಬ್ಬರಿಗೂ ಬಡಿಸುತ್ತದೆ. ಪೆಟ್ಟಿಗೆಯ ಮೇಲೆ ‘ಎರಡು ಮಾನಿಟರ್’ ಎಂದು ಬರೆಯುವವರು ಈ ಮಾತನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬೇಕು ಎಂದು ನನಗೆ ಈಗಲೂ ಸಿಟ್ಟಿದೆ.

ನಿಮ್ಮ ಏರ್ ಯಾವ ಚಿಪ್ಪಿನದು ಎಂದು ಬರೆದಿಲ್ಲ. ಪರದೆಯ ಎಡ ಮೂಲೆಯ ಸೇಬಿನ ಗುರುತನ್ನು ಒತ್ತಿ ‘ಅಬೌಟ್ ದಿಸ್ ಮ್ಯಾಕ್’ ತೆರೆದರೆ ತಿಳಿಯುತ್ತದೆ. 2025ರ ಎಂ4 ಏರ್ ಆದರೆ ಹೊರಗಿನ ಎರಡು ಮಾನಿಟರ್‌ಗಳನ್ನು ನಡೆಸುತ್ತದೆ. 2024ರ ಎಂ3 ಕೂಡ ನಡೆಸುತ್ತದೆ, ಆದರೆ ಲ್ಯಾಪ್‌ಟಾಪ್ ಮುಚ್ಚಿಟ್ಟಿರಬೇಕು. ಇವೆರಡರಲ್ಲಿ ಒಂದಾದರೆ ಎರಡನೆಯ ಮಾನಿಟರನ್ನು ಡಾಕಿನಿಂದ ಬಿಡಿಸಿ, ಮ್ಯಾಕಿನ ಇನ್ನೊಂದು ಯುಎಸ್‌ಬಿ-ಸಿ ಪೋರ್ಟಿಗೆ ನೇರವಾಗಿ ಜೋಡಿಸಿ. ಯುಎಸ್‌ಬಿ-ಸಿಯಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ಒಂದು ಸಾಕು.

ಎಂ1 ಅಥವಾ ಎಂ2 ಏರ್ ಆದರೆ ಹೊರಗಿನ ಒಂದೇ ಮಾನಿಟರ್ ಅದರ ಮಿತಿ. ಆಗಲೂ ಡಾಕ್ ಬದಲಿಸಬೇಕಿಲ್ಲ. ‘ಡಿಸ್‌ಪ್ಲೇಲಿಂಕ್’ ಎಂದು ಸ್ಪಷ್ಟವಾಗಿ ನಮೂದಿಸಿರುವ, ಯುಎಸ್‌ಬಿಯಿಂದ ಎಚ್‌ಡಿಎಂಐ ಕೊಡುವ ಅಡಾಪ್ಟರ್ ಒಂದನ್ನು ಕೊಳ್ಳಿ. ನೋಡಲು ಹಾಗೆಯೇ ಇರುವ ಬೇರೆ ಅಡಾಪ್ಟರ್‌ಗಳೂ ಇವೆ, ಹೆಸರು ಓದದೆ ಹಣ ಕೊಡಬೇಡಿ. ಅದನ್ನು ಡಾಕಿನ ಯುಎಸ್‌ಬಿ 3 ಪೋರ್ಟಿಗೇ ಸಿಕ್ಕಿಸಬಹುದು. ಡಿಸ್‌ಪ್ಲೇಲಿಂಕ್ ತಂತ್ರಾಂಶವು ಚಿತ್ರವನ್ನು ಕುಗ್ಗಿಸಿ ಸಾಮಾನ್ಯ ದತ್ತಾಂಶದಂತೆ ಕಳುಹಿಸುವುದರಿಂದ ಮ್ಯಾಕಿನ ಮಿತಿ ಅದಕ್ಕೆ ಅಡ್ಡ ಬರುವುದಿಲ್ಲ. ತಂತ್ರಾಂಶ ಹಾಕಿದಾಗ ಮ್ಯಾಕ್ ಪರದೆಯನ್ನು ದಾಖಲಿಸುವ ಅನುಮತಿ ಕೇಳುತ್ತದೆ. ನಾನು ಯಾರೋ ಕದ್ದು ನೋಡುತ್ತಾರೇನೋ ಎಂದು ಹೆದರಿ ಬೇಡವೆಂದು ಒತ್ತಿದ್ದೆ, ಮಾನಿಟರ್ ಕಪ್ಪಗೇ ಉಳಿಯಿತು. ಆ ತಂತ್ರಾಂಶ ಪರದೆಯ ಚಿತ್ರವನ್ನು ಓದಿ ಕಳುಹಿಸುವ ದಾರಿಯೇ ಅದು, ಅನುಮತಿ ಕೊಡಿ.

ಬಣ್ಣ ನೋಡಿ ಮಾಡುವ ಕೆಲಸಕ್ಕೆ ಡಾಕಿನ ಎಚ್‌ಡಿಎಂಐಗೆ ಜೋಡಿಸಿದ ಮಾನಿಟರನ್ನೇ ಇಟ್ಟುಕೊಳ್ಳಿ. ಅಡಾಪ್ಟರಿನದರಲ್ಲಿ ಕಡತ, ಮೇಲ್, ಲೆಕ್ಕ ಇರಲಿ. ನನ್ನ ಮೇಜಿನ ಮೇಲೆ ಈಗ ಹಾಗೆಯೇ ಇದೆ. ನಕಲು ತಡೆ ಇರುವ ಸಿನಿಮಾಗಳು ಡಿಸ್‌ಪ್ಲೇಲಿಂಕ್ ಮೂಲಕ ಕಪ್ಪಾಗಿ ಕಾಣುತ್ತವೆ, ಅದು ದೋಷವಲ್ಲ.

ಇನ್ನೊಂದು ಮಾತು ನಮ್ಮ ಕಡೆಯ ಮಳೆಗಾಲಕ್ಕೆ ಸೇರಿದ್ದು. ಕರೆಂಟ್ ಹೋದಾಗ ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ತನ್ನದೇ ವಿದ್ಯುತ್ ಅಡಾಪ್ಟರಿನಿಂದ ನಡೆಯುವ ಡಾಕಿಗೆ ಇಲ್ಲ. ಮಾನಿಟರ್‌ಗಳಿಗೆ ಯುಪಿಎಸ್ ಕೊಟ್ಟು ಡಾಕನ್ನು ಗೋಡೆಯ ಪ್ಲಗ್ಗಿಗೆ ಬಿಟ್ಟರೆ ಪ್ರತಿ ಸಲವೂ ಮಾನಿಟರಿನಲ್ಲಿ ತೆರೆದಿದ್ದ ವಿಂಡೋಗಳೆಲ್ಲ ಲ್ಯಾಪ್‌ಟಾಪಿನ ಸಣ್ಣ ಪರದೆಗೆ ಬಂದು ಬೀಳುತ್ತವೆ. ಡಾಕಿನ ವಿದ್ಯುತ್ ಅಡಾಪ್ಟರನ್ನೂ ಯುಪಿಎಸ್‌ಗೆ ಹಾಕಿ. ಚಿಪ್ ಯಾವುದೆಂದು ನೋಡಿ ಬರೆದರೆ ಯಾವ ಕೇಬಲ್ ಕೊಳ್ಳಬೇಕೆಂದು ಹೇಳುತ್ತೇನೆ.