ರೇಂಜಿಗೆ ಹೋಗುವ ಮುಂಚೆ ವೀಸಾ ನೋಡು, ಆಮೇಲೆ ಕಾಲರ್ ನೋಡು

ತಂಗಿ, ನಿನ್ನ ಪ್ರಶ್ನೆ ಓದಿದೆ. ಆಫೀಸಿನವರು ಶನಿವಾರ ಶೂಟಿಂಗ್ ರೇಂಜಿಗೆ ಕರೆದಿದ್ದಾರೆ, ಎಚ್-1ಬಿ ಕೆಲಸದ ವೀಸಾ ಮೇಲೆ ಇರುವವಳು ಹೋಗಬಹುದಾ, ಏನು ಹಾಕಿಕೊಂಡು ಹೋಗಬೇಕು, ಪಿಸ್ತೂಲಿನಿಂದ ಹಾರುವ ಖಾಲಿ ಕೇಸಿಂಗ್, ಅಂದರೆ ಗುಂಡಿನ ಕವಚ, ಮೈಮೇಲೆ ಬಿದ್ದರೆ ಸುಡುತ್ತದೆ ಅನ್ನುವುದು ನಿಜವಾ ಅಂತ ಕೇಳಿದ್ದೀಯ. ಜೊತೆಗೆ "ನಾವು ವಿರಾಜಪೇಟೆಯವರು ಅಕ್ಕ, ಕೋವಿ ನಮಗೇನು ಹೊಸದಲ್ಲ" ಅಂತ ಬೇರೆ ಸೇರಿಸಿದ್ದೀಯ. ಅದನ್ನು ಓದಿ ನಗು ಬಂತು. ಟೆಕ್ಸಾಸಿಗೆ ಬಂದ ಹೊಸದರಲ್ಲಿ ನಾನೂ ಇದನ್ನೇ ಹೇಳಿಕೊಂಡು ಓಡಾಡಿದವಳು.

ಸುಡುತ್ತದೆ, ನಿಜ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ವೀಸಾ ವಿಷಯ.

ಊರಿನಲ್ಲಿ ಜಮ್ಮಾ ಕೋವಿಗೆ, ಅಂದರೆ ಕೊಡವರು, ಜಮ್ಮಾ ಭೂಮಿಯವರು ಇಟ್ಟುಕೊಳ್ಳುವ ಕೋವಿಗೆ, ಲೈಸೆನ್ಸ್ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಅದು ಊರಿನ ಮಾತು. ಇಲ್ಲಿಯ ಫೆಡರಲ್ ಕಾನೂನಿನಲ್ಲಿ ಎಚ್-1ಬಿ, ಓದಲು ಬರುವವರ ಎಫ್-1, ವಿಸಿಟರ್ ವೀಸಾ ಇಂಥವುಗಳ ಮೇಲೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. "ನಾನೇನು ಕೊಂಡುಕೊಳ್ಳಲ್ಲ, ಬಾಡಿಗೆಗೆ ತಗೊಂಡು ಅಲ್ಲೇ ವಾಪಸ್ ಕೊಡ್ತೀನಿ" ಅನ್ನುತ್ತೀಯ. ಅಷ್ಟು ಹೊತ್ತು ಕೈಯಲ್ಲಿ ಹಿಡಿದದ್ದೂ ಲೆಕ್ಕಕ್ಕೆ ಬರುತ್ತದೆ. ರೆಹೈಫ್ ಅನ್ನುವ ಕೇಸು ಕೇಳಿದ್ದೀಯಾ? ಯುಎಇಯಿಂದ ಓದಲು ಬಂದ ಹುಡುಗ. ಕಾಲೇಜಿನಿಂದ ತೆಗೆದುಹಾಕಿದ ಮೇಲೂ ಇಲ್ಲೇ ಉಳಿದ. ಫ್ಲಾರಿಡಾದ ಒಂದು ರೇಂಜಿಗೆ ಹೋಗಿ ಗುಂಡು ಹಾರಿಸಿದ. ಅಷ್ಟಕ್ಕೇ ಕೇಸು ಬಿದ್ದು 18 ತಿಂಗಳ ಶಿಕ್ಷೆ ಆಯಿತು. ತನ್ನ ವೀಸಾ ಸ್ಟೇಟಸ್ ಮುಗಿದಿದೆ ಅಂತ ಅವನಿಗೆ ಗೊತ್ತಿತ್ತು ಅನ್ನುವುದನ್ನೂ ಸರ್ಕಾರ ಸಾಬೀತು ಮಾಡಬೇಕು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಯವರೆಗೆ ಅವನ ಪಾಡು ಏನಾಗಿರಬೇಡ. ನಿನ್ನ ಸ್ಟೇಟಸ್ ಸರಿಯಾಗಿದೆ, ಆದರೂ ಹುಷಾರಾಗಿರು.

ದಾರಿ ಇಲ್ಲ ಅಂತಲ್ಲ. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ನಿನ್ನ ಹೆಸರಿನಲ್ಲಿ ಚಾಲ್ತಿಯಲ್ಲಿದ್ದರೆ ಆ ನಿರ್ಬಂಧಕ್ಕೆ ವಿನಾಯಿತಿ ಇದೆ. ಟೆಕ್ಸಾಸಿನಲ್ಲಿ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆ ಕೊಡುತ್ತದೆ, ಆಗಸ್ಟ್ 31ಕ್ಕೆ ವರ್ಷ ಮುಗಿಯುತ್ತದೆ. ನಿನ್ನ ವಯಸ್ಸಿನವರು ಬೇಟೆಗೆ ಹೋಗುವುದಾದರೆ ಹಂಟರ್ ಎಜುಕೇಶನ್ ಕೋರ್ಸ್ ಕೂಡ ಮಾಡಬೇಕು. ಕಂಪನಿಯ ಇಮಿಗ್ರೇಶನ್ ವಕೀಲರನ್ನು ಒಂದು ಮಾತು ಕೇಳಿಬಿಡು. ಈ ಶನಿವಾರ ಹೋಗಲೇಬೇಕು ಅಂತ ಹಟ ಬೇಡ. ಬಂದೂಕು ಮುಟ್ಟದೆ ಗಾಜಿನ ಹಿಂದೆ ನಿಂತು ನೋಡಿಕೊಂಡು ಬಾ.

ಗಾಜಿನ ಹಿಂದೆ ಅಂದಾಗ ಅಪ್ಪ ನೆನಪಾಗುತ್ತಾರೆ. ನಾನು ಬಂದಿದ್ದು ಗ್ರೀನ್ ಕಾರ್ಡ್ ಮೇಲೆ, ಹಾಗಾಗಿ ನನಗೆ ಈ ತೊಂದರೆ ಇರಲಿಲ್ಲ. ಅಪ್ಪ ಬಂದಿದ್ದು ವಿಸಿಟರ್ ವೀಸಾದಲ್ಲಿ. ನಮ್ಮ ಆಯುಧ ಹಬ್ಬ ಕೈಲ್ ಪೊಳ್ದಿನ ದಿನ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಕೋವಿಗೆ ಕೈಮುಗಿದು, ಮಧ್ಯಾಹ್ನ ಮರದ ತುದಿಯ ತೆಂಗಿನಕಾಯಿಯನ್ನು ಮೊದಲನೇ ಗುಂಡಿಗೇ ಒಡೆಯುತ್ತಿದ್ದವರು. ಇಲ್ಲಿ ಬೆಂಚಿನ ಮೇಲೆ ಕಿವಿಗೆ ಮಫ್ ಹಾಕಿಕೊಂಡು ಕೂತು, ಯಾವನೋ ಕಾಲೇಜು ಹುಡುಗ ಕಾಗದದ ಗುರಿಯ ಅಂಚೂ ಮುಟ್ಟದೆ ಹೊಡೆಯುವುದನ್ನು ನೋಡುತ್ತಿದ್ದರು. "ಅವನಿಗೆ ಕೊಡ್ತಾರೆ, ನನಗೆ ಕೊಡಲ್ವಾ?" ಅಂತ ಕೇಳಿದರು. ಬೇಟೆ ಲೈಸೆನ್ಸಿನ ದಾರಿ ನನಗೆ ತಿಳಿದಿದ್ದು ಅವರು ಊರಿಗೆ ಮರಳಿದ ಮೇಲೆ. 1971ರ ಸೆಪ್ಟೆಂಬರ್ 2ಕ್ಕಿಂತ ಮುಂಚೆ ಹುಟ್ಟಿದವರಿಗೆ ಟೆಕ್ಸಾಸಿನಲ್ಲಿ ಆ ಕೋರ್ಸೂ ಬೇಡ. ಅಪ್ಪನಿಗೆ ಆರಾಮಾಗಿ ಸಿಗುತ್ತಿತ್ತು. ಅವರು ಮತ್ತೆ ಬರಲಿಲ್ಲ. ವಯಸ್ಸಾಯಿತು, ಮಂಡಿ ನೋವು, ಅಷ್ಟು ದೂರದ ವಿಮಾನ. ನಿನ್ನ ಅಪ್ಪ ಅಮ್ಮ ಬರುವ ಪ್ಲಾನ್ ಇದ್ದರೆ ಇದನ್ನು ಈಗಲೇ ಬರೆದಿಟ್ಟುಕೋ.

ಇನ್ನು ಕೇಸಿಂಗ್. ನಮ್ಮ ಮನೆಯ ಜೋಡಿ ನಳಿಗೆ ಕೋವಿ ಯಾರ ಮೇಲೂ ಏನನ್ನೂ ಎಸೆಯುವುದಿಲ್ಲ. ಮಡಚಿದರೆ ಖಾಲಿ ತೋಟಾ ಸ್ವಲ್ಪ ಮೇಲೆ ಬರುತ್ತದೆ, ಕೈಯಿಂದ ಕಿತ್ತು ತೆಗೆಯುತ್ತೇವೆ. ಚಿಕ್ಕವರಿದ್ದಾಗ ಅದಕ್ಕೆ ಜಗಳ ಆಡಿ, ಮೂಸಿ ನೋಡಿ, ಪೀಪಿ ಊದಿದವರು ನಾವು. ಇಲ್ಲಿ ನಿನ್ನ ಕೈಗೆ ಕೊಡುವುದು ಹೆಚ್ಚಾಗಿ 9 ಎಂಎಂ ಸೆಮಿ ಆಟೋಮ್ಯಾಟಿಕ್. ಗುಂಡು ಹಾರಿದ ತಕ್ಷಣ ಮೇಲಿನ ಸ್ಲೈಡ್ ತಾನೇ ಹಿಂದೆ ಸರಿಯುತ್ತದೆ. ಅದರ ಕೊಕ್ಕೆ ಖಾಲಿ ಕೇಸಿಂಗನ್ನು ಎಳೆದು ಬಲಗಡೆಗೆ ಚಿಮ್ಮಿಸುತ್ತದೆ. ಒಳಗೆ ಮದ್ದು ಈಗಷ್ಟೇ ಉರಿದಿರುತ್ತದೆ, ಹೊರಗಿನದು ಹಿತ್ತಾಳೆ. ಹಿತ್ತಾಳೆ ಬೇಗ ಕಾಯುತ್ತದೆ, ತಾಗಿದ ಕಡೆ ಅಷ್ಟೇ ಬೇಗ ಬಿಸಿ ಬಿಟ್ಟುಕೊಡುತ್ತದೆ. ಬರಿಗೈಗೆ ತಾಗಿ ಕೆಳಗೆ ಬಿದ್ದರೆ ಏನೂ ಆಗುವುದಿಲ್ಲ, ಒಗ್ಗರಣೆಯ ಸಾಸಿವೆ ಸಿಡಿದಷ್ಟೇ. ಬಟ್ಟೆಯ ಒಳಗೆ ಹೋಗಿ ಸಿಕ್ಕಿಕೊಂಡರೆ ಕಷ್ಟ.

ಒಳಾಂಗಣ ರೇಂಜಿನಲ್ಲಿ ಅದು ಹೆಚ್ಚು. ಒಬ್ಬೊಬ್ಬರಿಗೆ ಒಂದೊಂದು ಗೂಡು, ಪಕ್ಕದಲ್ಲಿ ಹಲಗೆಯ ಅಡ್ಡ ಇರುತ್ತದೆ. ಬಲಕ್ಕೆ ಹಾರಿದ ಕೇಸಿಂಗ್ ಆ ಹಲಗೆಗೆ ಬಡಿದು ನಿನ್ನ ಕಡೆಗೇ ವಾಪಸ್ ಬರುತ್ತದೆ. ನೀನು ಎಡಚಿ ಆಗಿದ್ದರೆ ಇನ್ನೂ ಜಾಸ್ತಿ, ಯಾಕೆಂದರೆ ಅದು ಮುಖ ಎದೆಯ ಮುಂದೆಯೇ ಹಾದು ಹೋಗುತ್ತದೆ. ಅದಕ್ಕೇ ಕತ್ತಿಗೆ ಅಂಟಿಕೊಂಡಿರುವ ರೌಂಡ್ ನೆಕ್ ಟೀ ಶರ್ಟ್ ಹಾಕು. ಬೋಟ್ ನೆಕ್ ಕುರ್ತಾ, ದುಪಟ್ಟಾ ಬೇಡ. ಸರ ಇದ್ದರೆ ತೆಗೆದಿಡು. ಮುಂದೆ ಅಂಚಿರುವ ಟೋಪಿ ಹಾಕು. ಇಲ್ಲದಿದ್ದರೆ ಕನ್ನಡಕಕ್ಕೂ ಹುಬ್ಬಿಗೂ ನಡುವಿನ ಸಂದಿಗೆ ಬಂದು ಕೂರುತ್ತದೆ, .22 ಅನ್ನುವ ಸಣ್ಣ ಗುಂಡಿನ ಕೇಸಿಂಗ್ ಅಂತೂ ಸಲೀಸಾಗಿ ನುಗ್ಗುತ್ತದೆ. ಚಪ್ಪಲಿ ಬೇಡ, ಶೂ.

ನಾನು ಹೋದಾಗ ಇದನ್ನೆಲ್ಲ ಹೇಳುವವರು ಇರಲಿಲ್ಲ. ಅಗಲ ಕತ್ತಿನ ಕಾಟನ್ ಕುರ್ತಾ. ಹಲಗೆಗೆ ಟಕ್ ಅಂತ ಬಡಿದ ಸದ್ದು ಕೇಳಿತು. ಮರುಕ್ಷಣ ಕತ್ತಿನ ಮೂಳೆಯ ಕೆಳಗೆ ಚುರ್ರೆಂದಿತು. ಕೇಸಿಂಗ್ ಜಾರಿ ಬ್ರಾ ಪಟ್ಟಿಯ ಹತ್ತಿರ ನಿಂತುಬಿಟ್ಟಿತು. ಇಂಥ ಹೊತ್ತಿನಲ್ಲಿ ತಲೆ ಓಡುವುದಿಲ್ಲ ತಂಗಿ, ಕೈ ಓಡುತ್ತದೆ. ಕುಣಿಯಬೇಕು, ತಿರುಗಬೇಕು, ಎರಡೂ ಕೈಯಿಂದ ಬಟ್ಟೆ ಎಳೆಯಬೇಕು ಅನ್ನಿಸುತ್ತದೆ. ಒಂದು ಕೈಯಲ್ಲಿ ಗುಂಡು ತುಂಬಿದ ಪಿಸ್ತೂಲು ಇದೆ ಅನ್ನುವುದೇ ಮರೆಯುತ್ತದೆ. ಸೆಮಿ ಆಟೋಮ್ಯಾಟಿಕ್ ಆದ್ದರಿಂದ ಮುಂದಿನ ಗುಂಡು ಆಗಲೇ ಸಿದ್ಧವಾಗಿ ಕೂತಿರುತ್ತದೆ.

ನನ್ನನ್ನು ಕಾಪಾಡಿದ್ದು ಒಂದು ಜಿಗಣೆ. ನಗಬೇಡ. ಹೈಸ್ಕೂಲಿನಲ್ಲಿದ್ದಾಗ, ಕೈಲ್ ಪೊಳ್ದಿನ ದಿನ ತೆಂಗಿನಕಾಯಿಗೆ ಗುರಿ ಇಟ್ಟು ನಿಂತಿದ್ದೆ. ಕಾಲಿಗೆ ಜಿಗಣೆ ಹತ್ತಿತ್ತು. ಕಂಡದ್ದೇ ತಡ, ಕೋವಿ ಹಿಡಿದೇ ಬಗ್ಗಲು ಹೋದೆ. ಅಪ್ಪ ಹಿಂದಿನಿಂದ ಬಂದು ನಳಿಗೆಯನ್ನು ಮೇಲಕ್ಕೇ ಹಿಡಿದು ನಿಲ್ಲಿಸಿ, "ಮೊದ್ಲು ಕೋವಿ ಇಡು, ಆಮೇಲೆ ಜಿಗಣೆ. ಅದು ಕುಡಿಯೋದು ಒಂದು ಹನಿ ರಕ್ತ" ಅಂದರು. ಎಲ್ಲರ ಮುಂದೆ. ನನಗೆ ಅವಮಾನ ಆಗಿ ಆ ದಿನ ಊಟ ಮಾಡಲಿಲ್ಲ. ಆದರೆ ಅಷ್ಟು ವರ್ಷ ಆದ ಮೇಲೆ, ಎಲ್ಲೋ ಟೆಕ್ಸಾಸಿನ ಒಂದು ರೇಂಜಿನಲ್ಲಿ, ಮೈ ಸುಡುತ್ತಿದ್ದರೂ ನಾನು ಬೆರಳನ್ನು ಟ್ರಿಗರಿನಿಂದ ತೆಗೆದು, ನಳಿಗೆಯನ್ನು ಮುಂದಕ್ಕೇ ಇಟ್ಟುಕೊಂಡು, ಪಿಸ್ತೂಲನ್ನು ಮೇಜಿನ ಮೇಲೆ ಮಲಗಿಸಿ, ಆಮೇಲೆ ಹಿಂದಕ್ಕೆ ಸರಿದು ಕುರ್ತಾ ಕೊಡವಿದೆ. ರೇಂಜ್ ಆಫೀಸರ್ ನೋಡುತ್ತಿದ್ದ. "ಯಾರು ಕಲಿಸಿದ್ದು?" ಅಂತ ಕೇಳಿದ. ಅಪ್ಪ ಅಂದೆ. ಈಗಲೂ ಅಲ್ಲಿ ಅರ್ಧಚಂದ್ರದ ಆಕಾರದ ಕಲೆ ಇದೆ, ಕೇಸಿಂಗಿನ ಬಾಯಿಯ ಅಳತೆಯದು.

ಸುಮ್ನೆ ಹೆದರಿಸುತ್ತಿಲ್ಲ. 2016ರಲ್ಲಿ ಫ್ಲಾರಿಡಾದಲ್ಲಿ ಒಬ್ಬ ಅಪ್ಪ ಮಕ್ಕಳ ಜೊತೆ ರೇಂಜಿಗೆ ಹೋಗಿದ್ದ. ಕೇಸಿಂಗ್ ಗೋಡೆಗೆ ಬಡಿದು ಅವನ ಅಂಗಿಯೊಳಗೆ ಬಿತ್ತು. ಬಂದೂಕು ಹಿಡಿದ ಕೈಯಿಂದಲೇ ಅದನ್ನು ತೆಗೆಯಲು ಹೋದ. ನಳಿಗೆ ಹಿಂದಕ್ಕೆ ತಿರುಗಿತು, ಗುಂಡು ಹಾರಿತು. ಹಿಂದೆ ನಿಂತಿದ್ದ 14 ವರ್ಷದ ಮಗ ಉಳಿಯಲಿಲ್ಲ. ಆ ಮನುಷ್ಯನಿಗೆ ಬಂದೂಕು ಹೊಸದಾಗಿರಲಿಲ್ಲ. ಅದಕ್ಕೇ ನೀನು "ಕೋವಿ ನಮಗೇನು ಹೊಸದಲ್ಲ" ಅಂದಾಗ ನಗುವಿನ ಜೊತೆ ಸ್ವಲ್ಪ ಭಯವೂ ಆಯಿತು. ಮುಂದೆ ಲೈಸೆನ್ಸ್ ಸಿಕ್ಕಿ ಹೋಗುವ ದಿನ, ಮನೆಯಲ್ಲೇ ಬರಿಗೈಯಲ್ಲಿ ಅಭ್ಯಾಸ ಮಾಡು. ಯಾರಿಗಾದರೂ ಕತ್ತಿನ ಹಿಂದೆ ಐಸ್ ತುಂಡು ಹಾಕಲು ಹೇಳು. ಆಗಲೂ ಕೈ ಮುಂದಕ್ಕೇ ಚಾಚಿರಬೇಕು. ಮೊದಲ ಸಲ ರೇಂಜಿನವರನ್ನು ಕೇಳಿ ಒಂದೇ ಗುಂಡು ತುಂಬಿಸಿಕೊಂಡು ಹೊಡಿ, ನಾಚಿಕೆ ಬೇಡ. ಅಥವಾ ರಿವಾಲ್ವರ್ ಕೇಳು. ಅದರಲ್ಲಿ ಖಾಲಿ ಕೇಸಿಂಗ್ ಒಳಗೇ ಉಳಿಯುತ್ತದೆ.

ಸುಟ್ಟರೆ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಅಜ್ಜಿ ಹೇಳಿದ ಯಾವುದೂ ಬೇಡ. ಗುಂಡಿನಲ್ಲಿ ಸೀಸ ಇರುತ್ತದೆ, ಕೈ ತೊಳೆಯದೆ ಏನೂ ತಿನ್ನಬೇಡ. ನೆನಪಿಗೆ ಅಂತ ಖಾಲಿ ಕೇಸಿಂಗ್ ಬ್ಯಾಗಿಗೆ ಹಾಕಿಕೊಂಡು ಬರಬೇಡ. ಆಮೇಲೆ ಅದೇ ಬ್ಯಾಗ್ ತಗೊಂಡು ಊರಿಗೆ ಹೊರಟು ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದರೆ ಉತ್ತರ ಕೊಟ್ಟು ಸಾಕಾಗುತ್ತದೆ. ಯಾವ ರೇಂಜ್ ಚೆನ್ನಾಗಿದೆ, ಎಷ್ಟಾಗುತ್ತದೆ ಅನ್ನುವುದನ್ನು ಆಫೀಸಿನವರನ್ನೇ ಕೇಳು. ಬಾಡಿಗೆ ಮನೆ, ಕಾರಿನ ಬಗ್ಗೆಯೂ ಕೇಳಿದ್ದೀಯ, ಅದಕ್ಕೆ ಇನ್ನೊಂದು ದಿನ ಫೋನ್ ಮಾಡು.

ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದಿಗೆ ನಮ್ಮ ಮನೆಗೆ ಬಾ. ಕಡಂಬುಟ್ಟು, ಪಂದಿ ಕರಿ ಇರುತ್ತದೆ. ತೆಂಗಿನಕಾಯಿಗೆ ಇಲ್ಲಿ ಗುಂಡು ಹೊಡೆಯಲು ಆಗುವುದಿಲ್ಲ, ಸುತ್ತ ಮನೆಗಳಿವೆ. ಕಲ್ಲಿಗೆ ಕುಟ್ಟಿ ಒಡೆಯುತ್ತೇವೆ ಅಷ್ಟೇ. ನಿನ್ನ ಅಮ್ಮ ಸೂಟ್‌ಕೇಸಿನಲ್ಲಿ ಪಂದಿ ಕರಿಗೆ ಹಾಕುವ ಹುಳಿ, ಕಾಚಂಪುಳಿ ಇಟ್ಟು ಕಳಿಸಿದ್ದರೆ ಸ್ವಲ್ಪ ತಗೊಂಡು ಬಾ, ನನ್ನ ಬಾಟ್ಲಿ ತಳ ಕಂಡು ತುಂಬಾ ದಿನ ಆಯಿತು.