ಮುಂಬೈಯಲ್ಲಿ ನಮ್ಮ ಇಡ್ಲಿ ಹೋಟೆಲನ್ನು ರಾತ್ರಿಯಿಡೀ ತೆರೆದಿಡಬಹುದಾ?

ಧಾರಾಳವಾಗಿ ತೆರೆದಿಡಬಹುದು. 1948ರ ಹಳೇ ಅಂಗಡಿ ಕಾಯ್ದೆಯಲ್ಲಿ ಬಾಗಿಲು ಹಾಕುವ ಹೊತ್ತನ್ನೂ ಸರ್ಕಾರವೇ ಹೇಳುತ್ತಿತ್ತು. 2017ರಲ್ಲಿ ಮಹಾರಾಷ್ಟ್ರ ಹೊಸ ಕಾಯ್ದೆ ತಂದು ಆ ಬಿಗಿ ಸಡಿಲಿಸಿತು. ಆದರೂ ಸುಮ್ನೆ ಮುಚ್ಚಿಸುತ್ತಾರೆ ಎಂಬ ದೂರು ಜಾಸ್ತಿಯಾದಾಗ, 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಮತ್ತೊಂದು ಆದೇಶ ಹೊರಡಿಸಿ 24 ಗಂಟೆಯೂ ತೆರೆಯಬಹುದು ಎಂದು ಸ್ಪಷ್ಟ ಮಾಡಿತು. ಅದರ ಪ್ರತಿ ಗಲ್ಲಾದಲ್ಲಿ ಇಟ್ಟುಕೊಳ್ಳಿ. ಆದರೆ ಬಾರ್, ಪರ್ಮಿಟ್ ರೂಮ್‌ನಂಥ (ಪರವಾನಗಿ ಪಡೆದು ಮದ್ಯ ಕೊಡುವ ಜಾಗ) ಕಡೆಗಳಿಗೆ ಈ ಸಡಿಲಿಕೆ ಇಲ್ಲ.

ಒಂದು ಮಾತು. ಕೆಲಸದವರಿಗೆ ವಾರಕ್ಕೊಮ್ಮೆ ಸತತ 24 ಗಂಟೆ ರಜೆ ಕೊಡಬೇಕೆಂದು ಅದೇ ಆದೇಶದಲ್ಲಿದೆ. ಮಾಟುಂಗಾದ ಹೋಟೆಲುಗಳಲ್ಲಿ ಊರಿಂದ ಬಂದ ನಮ್ಮ ಹುಡುಗರೂ ಇದ್ದಾರೆ, ಅಲ್ವಾ? ನಸುಕಿನಲ್ಲಿ ಹಿಟ್ಟು ರುಬ್ಬಿದವರನ್ನೇ ನಡುರಾತ್ರಿ ಸಪ್ಲೈಗೆ ನಿಲ್ಲಿಸಬೇಡಿ. ರಾತ್ರಿಗೆ ಬೇರೆ ಪಾಳಿ ಮಾಡಿ, ಬೇರೆ ಜನ ಇಡಿ.